ಗೀಳು ರೋಗಕ್ಕೆ ಚಿಕಿತ್ಸೆ: ಹುಳುಮನೆಯ ಹೊಸಿಲಲ್ಲಿ ನಿಂತು ಬರೆದದ್ದು

ರೇಷ್ಮೆ ಬೆಳೆಯುವ ಮನೆಯಲ್ಲಿ ಕೈ ತೊಳೆಯುವ ರೋಗ ಬಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಶಿಡ್ಲಘಟ್ಟದಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ ನಮ್ಮೂರು. ಇಲ್ಲಿ ಹುಳುಮನೆಯ ಹೊಸಿಲು ದಾಟಬೇಕಾದರೆ ಹೊರಗಿನ ಚಪ್ಪಲಿ ಬಿಟ್ಟು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲದ್ದಿ, ಕೈ ತೊಳೆದೇ ಹೋಗಬೇಕು. ಒಂದು ಬೆಳೆ ಮುಗಿದು ಇನ್ನೊಂದು ಹಿಡಿಯುವ ಮುಂಚೆ ಶೇಕಡಾ 2ರ ಬ್ಲೀಚಿಂಗ್ ಪುಡಿಯನ್ನು ಶೇಕಡಾ 0.3ರ ಸುಣ್ಣದ ನೀರಿನಲ್ಲಿ ಕದಡಿ ಗೋಡೆ, ಸ್ಟ್ಯಾಂಡು, ಹುಳು ಗೂಡು ಕಟ್ಟುವ ಚಂದ್ರಿಕೆಗಳಿಗೆಲ್ಲ ಹೊಡೆಯಬೇಕು. ಇದರಲ್ಲಿ ಅಸಡ್ಡೆ ಮಾಡಿದವರ ಹುಳು ಹಾಲುತೊಂಡೆಯೋ ಸಪ್ಪೆರೋಗವೋ ಬಂದು ತಿಪ್ಪೆ ಸೇರುತ್ತದೆ. ಹಾಗಾಗಿ 2006ರಲ್ಲಿ ಒಂದು ಬೆಳೆ ಪೂರ್ತಿ ಕೈಕೊಟ್ಟ ಮೇಲೆ ನಾನು ಒಂದು ಸಲ ತೊಳೆಯುವಲ್ಲಿ ಮೂರು ಸಲ ತೊಳೆಯತೊಡಗಿದಾಗ ನಮ್ಮ ಅತ್ತೆ ಹಿಗ್ಗಿದರು. ಸೊಸೆಯ ಶಿಸ್ತನ್ನು ನಾಲ್ಕು ಮನೆಗೆ ಹೇಳಿಕೊಂಡು ಬಂದರು.

ಮೂರು ಏಳಾಯಿತು. ಏಳರಲ್ಲಿ ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ. 2014ರ ಹೊತ್ತಿಗೆ ದಿನಕ್ಕೆ ನಾಲ್ಕು ಗಂಟೆ ನಲ್ಲಿಯ ಮುಂದೆಯೇ ಕಳೆಯುತ್ತಿತ್ತು. ಸಾವಿರ ಅಡಿ ಕೊರೆದರೂ ನೀರು ಸಿಕ್ಕೀತೆಂಬ ಖಾತರಿಯಿಲ್ಲದ ಸೀಮೆ ನಮ್ಮದು. ಅಂಥ ಕಡೆ ಒಬ್ಬ ಹೆಂಗಸು ಟ್ಯಾಂಕರ್ ನೀರನ್ನು ಹೀಗೆ ಸುರಿಯುತ್ತಿದ್ದರೆ ಮನೆಯಲ್ಲಿ ಎಂಥ ಜಗಳ ನಡೆದಿರಬಹುದೆಂದು ನೀವೇ ಊಹಿಸಿಕೊಳ್ಳಿ. ಅಂಗೈ ಸೀಳಿ ರಕ್ತ ಜಿನುಗುತ್ತಿತ್ತು. ಮುದ್ದೆಯನ್ನು ಚಮಚದಲ್ಲಿ ತಿನ್ನುತ್ತಿದ್ದೆ. ರಾಗಿ ಸೀಮೆಯಲ್ಲಿ ಒಬ್ಬರಿಗೆ ಮೈ ಸರಿಯಿಲ್ಲವೆನ್ನಲು ಇದಕ್ಕಿಂತ ದೊಡ್ಡ ಲಕ್ಷಣ ಬೇಕಿಲ್ಲ.

ನನಗೆ ಸರಿಯಾದ ಚಿಕಿತ್ಸೆ ಸಿಕ್ಕಿದ್ದು 2015ರಲ್ಲಿ, ಒಂಬತ್ತು ವರ್ಷ ತಡವಾಗಿ. ಆ ಒಂಬತ್ತು ವರ್ಷ ನಿಮಗಾದರೂ ಉಳಿಯಲಿ ಎಂದು ಬರೆಯುತ್ತಿದ್ದೇನೆ. ನಾನು ವೈದ್ಯೆಯಲ್ಲ, ಬಿ.ಕಾಂ. ಓದಿ ಹುಳು ಸಾಕುತ್ತಿರುವವಳು. ಯಾವ ಮಾತ್ರೆ, ಎಷ್ಟು, ಎಲ್ಲಿಯವರೆಗೆ ಎಂಬುದನ್ನು ನಿಮ್ಮನ್ನು ಪರೀಕ್ಷಿಸಿದ ವೈದ್ಯರೇ ಹೇಳಬೇಕು. ಅವರ ಮುಂದೆ ಕೂತಾಗ ಏನು ಹೇಳಬೇಕು, ಏನು ಕೇಳಬೇಕು, ಮನೆಗೆ ಬಂದ ಮೇಲೆ ಏನು ಮಾಡಬೇಕು ಎಂಬುದನ್ನು ನಾನು ಹೇಳಬಲ್ಲೆ.

ಮಡಿಯೋ ರೋಗವೋ

ಓಸಿಡಿ ಎಂದು ಕರೆಯುವ ಈ ಗೀಳು ರೋಗಕ್ಕೆ ಎರಡು ಕೈಗಳಿವೆ. ಒಂದು, ಬೇಡವೆಂದರೂ ನುಗ್ಗುವ ಯೋಚನೆ. ಇನ್ನೊಂದು, ಆ ಯೋಚನೆ ತಂದ ತಳಮಳವನ್ನು ತಣಿಸಲು ಮಾಡಲೇಬೇಕೆನಿಸುವ ಕೆಲಸ. ತೊಳೆಯುವುದು ಎಲ್ಲರಿಗೂ ಕಾಣುವ ರೂಪ. ಬೀಗ ಹಾಕಿದೆನೋ ಇಲ್ಲವೋ ಎಂದು ಹತ್ತು ಸಲ ಎಳೆದು ನೋಡುವುದು, ಸಾಲಾಗಿ ಜೋಡಿಸುವುದು, ಎಣಿಸುವುದು, ದೇವರ ಬಗ್ಗೆ ಕೆಟ್ಟ ಮಾತು ತಲೆಯಲ್ಲಿ ಬಂತೆಂದು ನೂರು ಸಲ ತಪ್ಪೊಪ್ಪಿಕೊಳ್ಳುವುದು, ಮನಸ್ಸಿನಲ್ಲೇ ಒಂದು ಮಂತ್ರವನ್ನು 'ಸರಿಯಾಗಿ' ಬರುವವರೆಗೆ ಹೇಳುತ್ತಲೇ ಇರುವುದು, ಇವೂ ಅದೇ ರೋಗ. ನೂರು ಜನರಲ್ಲಿ ಎರಡು ಮೂರು ಮಂದಿಗೆ ಬದುಕಿನಲ್ಲಿ ಯಾವಾಗಲಾದರೂ ಬರುವಂಥದ್ದು. ನಮ್ಮ ಹೋಬಳಿಯಲ್ಲೇ ಎಷ್ಟು ಜನರಿರಬೇಕು ಎಂದು ಲೆಕ್ಕ ಹಾಕಿದ ದಿನ ನನ್ನ ಒಂಟಿತನ ಅರ್ಧ ಇಳಿಯಿತು.

ಮಡಿಗೂ ರೋಗಕ್ಕೂ ಗೆರೆ ಎಲ್ಲಿ? ಮನೋವೈದ್ಯರು ನೋಡುವ ಅಳತೆ ಸರಳವಾಗಿದೆ: ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ನುಂಗುತ್ತಿದೆಯೇ, ಅಥವಾ ಕೆಲಸ, ಸಂಸಾರ, ಓದು ಅದರಿಂದ ಕೆಡುತ್ತಿವೆಯೇ. ನಾನು ಇನ್ನೊಂದು ಅಳತೆ ಸೇರಿಸುತ್ತೇನೆ. ಮಡಿ ಮಾಡುವವರು ಮಡಿ ಮುಗಿದ ಮೇಲೆ ನೆಮ್ಮದಿಯಾಗಿ ಕೂರುತ್ತಾರೆ. ನಮಗೆ ಮುಗಿಯುವುದೇ ಇಲ್ಲ.

ಇನ್ನು ಒಂದು ವಿಷಯವನ್ನು ನೇರವಾಗಿ ಹೇಳಬೇಕು, ಏಕೆಂದರೆ ಇದನ್ನು ಹೇಳದೆಯೇ ನಾನು ವರ್ಷಗಟ್ಟಲೆ ಒಳಗೊಳಗೇ ಸತ್ತಿದ್ದೆ. ಮಗ ಮೂರು ತಿಂಗಳ ಕೂಸಾಗಿದ್ದಾಗ, ಸೊಪ್ಪು ಕೊಯ್ಯುವ ಕುಡುಗೋಲು ಕಂಡರೆ ಸಾಕು, ಅದರಿಂದ ಮಗುವಿಗೆ ಏನೋ ಮಾಡಿಬಿಡುತ್ತೇನೆ ಎಂಬ ಚಿತ್ರ ಕಣ್ಣ ಮುಂದೆ ಬರುತ್ತಿತ್ತು. ಕುಡುಗೋಲನ್ನು ಅಟ್ಟದ ಮೇಲೆ ಬಚ್ಚಿಟ್ಟೆ. ಮಗುವಿನ ಜೊತೆ ಒಬ್ಬಳೇ ಇರಲು ಹೆದರಿದೆ. ನನ್ನೊಳಗೇ ಒಬ್ಬ ರಾಕ್ಷಸಿ ಇದ್ದಾಳೆ ಎಂದುಕೊಂಡೆ. ಮುಂದೆ ವೈದ್ಯರಿಗೆ ತೊದಲುತ್ತಾ ಇದನ್ನು ಹೇಳಿದಾಗ ಅವರು ಬರೆಯುತ್ತಿದ್ದ ಪೆನ್ನನ್ನು ಕೂಡ ನಿಲ್ಲಿಸಲಿಲ್ಲ. "ಆ ಯೋಚನೆ ಬಂದಾಗ ನಿಮಗೆ ಏನನ್ನಿಸುತ್ತಿತ್ತು?" ಎಂದು ಕೇಳಿದರು. ಅಸಹ್ಯ, ಭಯ ಎಂದೆ. ಬಾಣಂತಿಯರಲ್ಲಿ ಗೀಳು ಹೀಗೆ ಬರುವುದು ಸಾಮಾನ್ಯವೆಂದೂ, ಯೋಚನೆಗೆ ಹೇಸಿ ಹೆದರುವುದೇ ಇದರ ಗುರುತೆಂದೂ ವಿವರಿಸಿದರು. ಬಾಣಂತಿಗೆ ಇಲ್ಲದ ದನಿ ಕೇಳಿಸುತ್ತಿದ್ದರೆ, ಮಗುವಿನ ಬಗ್ಗೆ ವಿಚಿತ್ರ ನಂಬಿಕೆ ಬೇರೂರಿದ್ದರೆ, ಆ ಯೋಚನೆ ಸರಿಯೆಂದೇ ಅನ್ನಿಸುತ್ತಿದ್ದರೆ ಅದು ಬೇರೆ ಕಾಯಿಲೆ, ಅದೇ ದಿನ ಆಸ್ಪತ್ರೆಗೆ ಒಯ್ಯಬೇಕಾದದ್ದು. ಎರಡರಲ್ಲಿ ಯಾವುದಾದರೂ ಸರಿ, ಬಚ್ಚಿಡಬೇಡಿ.

ಯಾರ ಬಾಗಿಲು ತಟ್ಟುವುದು

ನಾನು ಮೊದಲು ಹೋದದ್ದು ಚರ್ಮದ ವೈದ್ಯರ ಬಳಿಗೆ. ಎರಡು ವರ್ಷ ಮುಲಾಮು ಹಚ್ಚಿದೆ. ಕೈ ಏಕೆ ಹೀಗಾಯಿತು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಮೇಲೆ ಒಬ್ಬರು ನಿದ್ದೆ ಮಾತ್ರೆ ಬರೆದುಕೊಟ್ಟರು. ನಿದ್ದೆ ಬಂತು, ಎದ್ದ ಮೇಲೆ ತೊಳೆಯುವುದು ಹಾಗೇ ಇತ್ತು. ಆ ಜಾತಿಯ ಮಾತ್ರೆಗಳು ತಳಮಳವನ್ನು ಕೆಲವು ಗಂಟೆ ಮುಚ್ಚಿಡುತ್ತವೆಯೇ ಹೊರತು ಗೀಳನ್ನು ಇಳಿಸುವುದಿಲ್ಲ, ಮೇಲಾಗಿ ಅಭ್ಯಾಸ ಹತ್ತಿಸುತ್ತವೆ. ನಿಮಗೆ ಅದನ್ನು ಮಾತ್ರ ಕೊಟ್ಟು ಕಳುಹಿಸಿದ್ದರೆ ಮನೋವೈದ್ಯರ ಹತ್ತಿರ ಹೋಗಿ ಮತ್ತೆ ಕೇಳಿ. ಆದರೆ ತಿಂಗಳುಗಟ್ಟಲೆ ನುಂಗಿದ್ದರೆ ತಟ್ಟನೆ ನಿಲ್ಲಿಸಬೇಡಿ.

ದಾರಿ ಹೀಗಿದೆ. ಮನೆಯಿಂದ ಏಳಲೂ ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಸಾಯಬೇಕೆನ್ನಿಸುವಷ್ಟು ಸಾಕಾಗಿದ್ದರೂ ಅದೇ ಸಂಖ್ಯೆ. ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ಸಿಗುತ್ತಾರೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಬರುತ್ತಾರೆ. ಯಾವ ಮಂಗಳವಾರ ಎಂಬುದನ್ನು ನಿಮ್ಮ ಊರಿನ ಆಶಾ ಕಾರ್ಯಕರ್ತೆಯಿಂದ ವಿಚಾರಿಸಿಕೊಂಡು ಹೋಗಿ, ಇಲ್ಲದಿದ್ದರೆ ನನ್ನಂತೆ ಒಂದು ದಿನದ ಸೊಪ್ಪಿನ ಕೆಲಸ ಕೆಡಿಸಿಕೊಂಡು ಖಾಲಿ ಕುರ್ಚಿ ನೋಡಿ ಬರುತ್ತೀರಿ.

ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಗೀಳು ರೋಗಕ್ಕೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ನಾವು ಹೋದದ್ದು ಅಲ್ಲಿಗೆ. ಬೆಳಗಿನ ಮೊದಲ ಬಸ್ಸು ಹತ್ತಿ ವಿಜಯಪುರ, ದೇವನಹಳ್ಳಿ ದಾಟಿ ಮೆಜೆಸ್ಟಿಕ್, ಅಲ್ಲಿಂದ ಇನ್ನೊಂದು ಬಸ್ಸು. ಬಸ್ಸಿನ ಸೀಟಿನ ಮೇಲೆ ನಾನು ಪ್ಲಾಸ್ಟಿಕ್ ಚೀಲ ಹಾಸಿಕೊಂಡು ಕೂತಿದ್ದೆ. ಕಂಡಕ್ಟರ್ ಕೊಟ್ಟ ಚಿಲ್ಲರೆಯನ್ನು ಗಂಡನೇ ತೆಗೆದುಕೊಂಡರು. ಬಿಪಿಎಲ್ ಕಾರ್ಡ್ ಇದ್ದರೆ ತೆಗೆದುಕೊಂಡು ಹೋಗಿ, ಖರ್ಚು ಇಳಿಯುತ್ತದೆ. ಪೂರ್ತಿ ಒಂದು ದಿನವನ್ನು ಅದಕ್ಕೇ ಎತ್ತಿಡಿ, ಬುತ್ತಿ ಕಟ್ಟಿಕೊಳ್ಳಿ.

ವಿಮೆ ಮಾಡಿಸಿದ್ದರೆ ಒಂದು ಮಾತು: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ದೈಹಿಕ ಕಾಯಿಲೆಗೆ ಹೇಗೋ ಮಾನಸಿಕ ಕಾಯಿಲೆಗೂ ಹಾಗೆಯೇ ವಿಮೆ ಒದಗಿಸಬೇಕು.

ಹೋಗುವ ಮುಂಚೆ ಒಂದು ವಾರ ಬರೆದಿಡಿ

ವೈದ್ಯರಿಗೆ ಸಿಗುವ ಸಮಯ ಕಡಿಮೆ. ನಮಗೋ ನಾಚಿಕೆ, ಎದುರು ಕೂತಾಗ ಅರ್ಧ ಮರೆಯುತ್ತದೆ. ಆದ್ದರಿಂದ ಸೊಪ್ಪಿನ ಲೆಕ್ಕ ಬರೆಯುವಂಥ ಒಂದು ನೋಟ್‌ಬುಕ್ಕಿನಲ್ಲಿ ಏಳು ದಿನ ಬರೆಯಿರಿ: ಯಾವ ಯೋಚನೆ ಬಂತು, ಏನು ಮಾಡಿದಿರಿ, ಎಷ್ಟು ನಿಮಿಷ ಹೋಯಿತು, ಏನನ್ನು ಮಾಡದೆ ತಪ್ಪಿಸಿಕೊಂಡಿರಿ. ಕೊನೆಯದು ಮುಖ್ಯ. ನಾನು ಸಂತೆಗೆ ಹೋಗುವುದನ್ನೇ ಬಿಟ್ಟಿದ್ದರಿಂದ ಸಂತೆಯ ಭಯ ನನ್ನ ಲೆಕ್ಕಕ್ಕೇ ಬಂದಿರಲಿಲ್ಲ. ಮನೆಯಲ್ಲಿ ಯಾರಿಗಾದರೂ ಇಂಥದ್ದಿತ್ತೇ, ಥೈರಾಯ್ಡ್, ಫಿಟ್ಸ್, ಹೃದಯದ ತೊಂದರೆ ಇದೆಯೇ, ಬೇರೆ ಯಾವ ಮಾತ್ರೆ ನುಂಗುತ್ತಿದ್ದೀರಿ, ಗರ್ಭಿಣಿಯೇ, ಯಾವಾಗಲಾದರೂ ಕೆಲವು ದಿನ ನಿದ್ದೆಯೇ ಬೇಡವೆನ್ನುವಷ್ಟು ಅತಿಯಾದ ಹುರುಪು ಬಂದಿತ್ತೇ, ಇವನ್ನೂ ಬರೆದುಕೊಳ್ಳಿ. ಈ ಕೊನೆಯ ಸಂಗತಿಯಿಂದ ಮಾತ್ರೆಯ ಆಯ್ಕೆಯೇ ಬದಲಾಗಬಹುದು.

ಅಲ್ಲಿ ನಿಮ್ಮನ್ನು ಹತ್ತು ಪ್ರಶ್ನೆಗಳ ಒಂದು ಮಾಪಕದಿಂದ ಅಳೆಯುತ್ತಾರೆ. ಯೇಲ್-ಬ್ರೌನ್ ಮಾಪಕವೆಂದು ಅದರ ಹೆಸರು, 1989ರಿಂದ ಬಳಕೆಯಲ್ಲಿದೆ. 40ಕ್ಕೆ ಎಷ್ಟು ಬಂತು ಎಂದು ನೋಡುತ್ತಾರೆ: 16ರಿಂದ 23 ಮಧ್ಯಮ, 24ರಿಂದ 31 ತೀವ್ರ. ನನಗೆ ಬಂದದ್ದು 30. ಶಾಲೆಯಲ್ಲಿ ಗಣಿತಕ್ಕೂ ನನಗೆ ಇಷ್ಟು ಅಂಕ ಬಂದಿರಲಿಲ್ಲ. ಆ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಮುಂದೆ ಚಿಕಿತ್ಸೆ ಹಿಡಿಯಿತೋ ಇಲ್ಲವೋ ಎಂಬ ಜಗಳಕ್ಕೆ ಅದೇ ಸಾಕ್ಷಿ.

ಮಾತ್ರೆಯ ವಿಷಯ

ಗೀಳಿಗೆ ಮೊದಲು ಕೊಡುವುದು ಮಿದುಳಿನ ಸೆರೊಟೋನಿನ್ ಮೇಲೆ ಕೆಲಸ ಮಾಡುವ ಮಾತ್ರೆಗಳನ್ನು: ಫ್ಲುಆಕ್ಸೆಟಿನ್, ಸರ್ಟ್ರಾಲಿನ್, ಫ್ಲುವೊಕ್ಸಮಿನ್, ಪ್ಯಾರಾಕ್ಸೆಟಿನ್, ಎಸಿಟಲೊಪ್ರಾಮ್. ಒಂದಕ್ಕಿಂತ ಇನ್ನೊಂದು ಮೇಲೆಂದು ಹೇಳುವಂತಿಲ್ಲ. ಒಬ್ಬರಿಗೆ ಹಿಡಿದದ್ದು ಇನ್ನೊಬ್ಬರಿಗೆ ಹಿಡಿಯದು. ಇವುಗಳಿಗಿಂತ ಹಳೆಯದು ಕ್ಲೊಮಿಪ್ರಮಿನ್. ಒಳ್ಳೆಯ ಮದ್ದು, ಆದರೆ ಬಾಯಿ ಒಣಗುವುದು, ಮಲಬದ್ಧತೆ, ಮಂಪರು ಹೆಚ್ಚು, ಇಸಿಜಿ ನೋಡಿಕೊಂಡು ಕೊಡಬೇಕು. ಅದಕ್ಕೇ ಅದನ್ನು ಸಾಮಾನ್ಯವಾಗಿ ಎರಡನೇ ಸಾಲಿಗೆ ಇಡುತ್ತಾರೆ.

ಎರಡು ಸಂಗತಿ ಗೊತ್ತಿಲ್ಲದೆ ಅರ್ಧದಷ್ಟು ಜನ ದಾರಿಯಲ್ಲೇ ಬಿಡುತ್ತಾರೆಂದು ನನ್ನ ಅನಿಸಿಕೆ. ಒಂದು ಪ್ರಮಾಣ. ಇವೇ ಮಾತ್ರೆಗಳನ್ನು ಖಿನ್ನತೆಗೂ ಕೊಡುತ್ತಾರೆ, ಆದರೆ ಗೀಳಿಗೆ ಸಾಮಾನ್ಯವಾಗಿ ಹೆಚ್ಚು ಬೇಕು. ನನಗೆ ಸರ್ಟ್ರಾಲಿನ್ 50 ಮಿಲಿಗ್ರಾಂನಿಂದ ಶುರುಮಾಡಿ, ಹಂತ ಹಂತವಾಗಿ 200ಕ್ಕೆ ಒಯ್ದರು. ಪ್ರತಿ ಸಲ ಏರಿಸಿದಾಗಲೂ ಅತ್ತೆ ರೋಗ ಹೆಚ್ಚಾಯಿತೆಂದೇ ತಿಳಿದರು. ಎರಡನೆಯದು ಕಾಲ. ಮಾತ್ರೆ ಹಿಡಿಯಿತೋ ಇಲ್ಲವೋ ಹೇಳಲು ಸರಿಯಾದ ಪ್ರಮಾಣದಲ್ಲಿ 8ರಿಂದ 12 ವಾರ ಬೇಕು. ಮೊಟ್ಟೆ ಒಡೆದ ಹುಳು ಗೂಡು ಕಟ್ಟಲು ಹೆಚ್ಚುಕಡಿಮೆ 25 ದಿನ. ಅಂದರೆ ಮೂರು ಬೆಳೆಯಷ್ಟು ಕಾಯಬೇಕು. ನನ್ನ ಗಂಡನಿಗೆ ಅರ್ಥವಾದದ್ದು ಈ ಲೆಕ್ಕದಲ್ಲಿ ಹೇಳಿದಾಗಲೇ.

ಮೊದಲ ಎರಡು ವಾರ ವಾಕರಿಕೆ, ಬೇಧಿ, ತಲೆನೋವು, ಚಡಪಡಿಕೆ ಇರಬಹುದು. ನನಗೆ ಹತ್ತು ದಿನ ಊಟ ಸೇರಲಿಲ್ಲ, ಆಮೇಲೆ ತಾನಾಗಿಯೇ ಹೋಯಿತು. ದಾಂಪತ್ಯದ ಆಸೆ ಕುಗ್ಗುವುದು ಮಾತ್ರ ಉಳಿದುಕೊಳ್ಳಬಹುದು. ನಾಚಿಕೊಂಡು ಸುಮ್ಮನಿರದೆ ವೈದ್ಯರಿಗೆ ಹೇಳಿದರೆ ಅದಕ್ಕೂ ಉಪಾಯಗಳಿವೆ. ಹದಿಹರೆಯದವರು, 25ರೊಳಗಿನವರು ಮಾತ್ರೆ ಶುರುಮಾಡಿದ ಮೊದಲ ವಾರಗಳಲ್ಲಿ ಮನೆಯವರು ಕಣ್ಣಿಟ್ಟಿರಬೇಕು. ಸಾಯುವ ಮಾತು ಬಂದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಬಸುರಿಯಾದಿರೆಂದು ಗೊತ್ತಾದ ತಕ್ಷಣ ಹೆದರಿ ನೀವೇ ನಿಲ್ಲಿಸಬೇಡಿ, ಅದೇ ವಾರ ಹೋಗಿ ಮಾತನಾಡಿ.

ಈ ಮಾತ್ರೆಗಳು ನಿದ್ದೆ ಮಾತ್ರೆಯಂತೆ ಚಟ ಹಿಡಿಸುವುದಿಲ್ಲ. ಆದರೂ ಹಠಾತ್ತನೆ ಬಿಟ್ಟರೆ ತಲೆಸುತ್ತು, ಸಿಡುಕು, ತಲೆಯಲ್ಲಿ ಕರೆಂಟು ಹೊಡೆದಂಥ ಅನುಭವ. ನಾನು ಒಮ್ಮೆ ಚೌತಿಗೆ ತವರಿಗೆ ಹೋದವಳು ಮಾತ್ರೆಯ ಡಬ್ಬಿ ಮರೆತು ಇದನ್ನೆಲ್ಲ ಕಲಿತೆ. ಗುಣ ಕಂಡ ಮೇಲೂ ಕನಿಷ್ಠ ಒಂದೆರಡು ವರ್ಷ ಮುಂದುವರಿಸಿ, ಆಮೇಲೆ ವೈದ್ಯರ ಲೆಕ್ಕದಲ್ಲಿ ನಿಧಾನವಾಗಿ ಇಳಿಸುತ್ತಾರೆ. ಜನೌಷಧಿ ಕೇಂದ್ರದಲ್ಲಿ ಕೇಳಿ, ಬೆಲೆ ಸಾಕಷ್ಟು ಕಡಿಮೆ.

ಎದುರಿಸುವುದು, ತಡೆದುಕೊಳ್ಳುವುದು

ಮಾತ್ರೆಯಿಂದ ನನ್ನ ಗೀಳಿನ ಗಂಟಲು ಸ್ವಲ್ಪ ಇಳಿಯಿತು. ಅದನ್ನು ಮನೆಯಿಂದ ಹೊರಗೆ ಹಾಕಿದ್ದು ಇನ್ನೊಂದು ಚಿಕಿತ್ಸೆ. ಇ.ಆರ್.ಪಿ. ಎನ್ನುತ್ತಾರೆ. ಭಯ ಹುಟ್ಟಿಸುವುದನ್ನು ಬೇಕೆಂದೇ ಎದುರಿಸುವುದು, ಆಮೇಲೆ ಮಾಡಲೇಬೇಕೆನಿಸುವ ಕೆಲಸವನ್ನು ಮಾಡದೆ ತಡೆದುಕೊಳ್ಳುವುದು. ರೋಗ ಸೌಮ್ಯವಾಗಿದ್ದವರಿಗೆ, ಮಕ್ಕಳಿಗೆ, ಇದೊಂದರಿಂದಲೇ ಶುರುಮಾಡುವುದುಂಟು. ತೀವ್ರವಾಗಿದ್ದರೆ ಮಾತ್ರೆಯ ಜೊತೆಗೆ. ಇದನ್ನು ಕಲಿಸುವವರು ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಸಾಮಾನ್ಯವಾಗಿ 12ರಿಂದ 20 ಭೇಟಿ. ಬರೀ ಸಮಾಧಾನದ ಮಾತು ಹೇಳಿ ಕಳುಹಿಸುವ ಆಪ್ತಸಲಹೆ ಇದಲ್ಲ. "ನೀವು ಇ.ಆರ್.ಪಿ. ಮಾಡಿಸುತ್ತೀರಾ?" ಎಂದು ಮೊದಲ ದಿನವೇ ಕೇಳಿಬಿಡಿ.

ಇದು ಹುಟ್ಟಿದ ಕಥೆ ನನಗೆ ಬಹಳ ಹಿಡಿಸಿತು. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ಇಬ್ಬರು ರೋಗಿಗಳ ಬಗ್ಗೆ ಬರೆದರು. ಅವರಲ್ಲಿ ತೊಳೆಯುವ ಗೀಳಿದ್ದ ಹೆಂಗಸಿನ ಕೋಣೆಯ ನಲ್ಲಿಯ ನೀರನ್ನೇ ನಿಲ್ಲಿಸಿ, ದಾದಿಯರನ್ನು ಜೊತೆಗಿಟ್ಟು ನೋಡಿಕೊಂಡರಂತೆ. ಇದನ್ನು ಕೇಳಿ ನಕ್ಕೆ. ನಮ್ಮ ಮನೆಗೆ 2013ರ ಬೇಸಿಗೆಯಲ್ಲಿ ಹನ್ನೊಂದು ದಿನ ಟ್ಯಾಂಕರ್ ಬಂದಿರಲಿಲ್ಲ, ನನಗೆ ಗುಣವಾಗಲಿಲ್ಲ! ಮನಶ್ಶಾಸ್ತ್ರಜ್ಞರಿಗೆ ಹೇಳಿದಾಗ ಅವರೂ ನಕ್ಕರು. ನೀರಿಲ್ಲದೆ ಕೈಕಟ್ಟಿ ಕೂತು ನೀರು ಬಂದಾಗ ತೊಳೆಯಲು ಕಾಯುವುದು ಬೇರೆ, ನೀರಿದ್ದೂ ನಾನಾಗಿಯೇ ಒಪ್ಪಿ ತೊಳೆಯದೆ ಇರುವುದು ಬೇರೆ ಎಂದರು. ಆದ್ದರಿಂದ ಮನೆಯವರಿಗೊಂದು ವಿನಂತಿ: ಸಿಟ್ಟಿಗೆ ಮೋಟಾರು ಬಂದ್ ಮಾಡುವುದು ಚಿಕಿತ್ಸೆಯಾಗುವುದಿಲ್ಲ.

ಮೊದಲ ಕೆಲಸ ಮೆಟ್ಟಿಲು ಕಟ್ಟುವುದು. ಭಯದ ಪಟ್ಟಿ ಮಾಡಿ ಪ್ರತಿಯೊಂದಕ್ಕೂ ನೂರಕ್ಕೆ ಎಷ್ಟು ತಳಮಳ ಎಂದು ಅಂಕ ಹಾಕಬೇಕು. ನನ್ನ ಪಟ್ಟಿಯಲ್ಲಿ ಹುಳುಮನೆಯ ಚಿಲಕ ಮುಟ್ಟಿ ತೊಳೆಯದಿರುವುದಕ್ಕೆ 30, ಟ್ಯಾಂಕರಿನ ಪೈಪಿಗೆ 40, ಬಸ್ಸಿನ ಕಂಬಿಗೆ 55, ಬರಿಗೈಯಲ್ಲಿ ಮುದ್ದೆ ಮುರಿಯುವುದಕ್ಕೆ 65, ಗೂಡಿನ ಮಾರುಕಟ್ಟೆಯಿಂದ ವಾಪಸು ಬಂದ ಚೀಲಕ್ಕೆ 80. ತುದಿಯಲ್ಲಿ, ನೂರಕ್ಕೆ ನೂರು, ರೋಗದ ಹುಳುಗಳನ್ನು ಆಯ್ದು, ಒಂದೇ ಸಲ ಕೈ ತೊಳೆದು, ಪಕ್ಕದ ಹಾಸಿಗೆಗೆ ಸೊಪ್ಪು ಹಾಕುವುದು. ಶುರುಮಾಡುವುದು 30, 40ರಿಂದ.

ನನ್ನ ಸಮಸ್ಯೆಯಲ್ಲಿ ಒಂದು ತೊಡಕಿತ್ತು. ರೇಷ್ಮೆಯವರಿಗೆ ಕೈ ತೊಳೆಯಬೇಡಿ ಎನ್ನುವಂತಿಲ್ಲ. ಕೊನೆಗೆ ಒಂದು ಗೆರೆ ಎಳೆದೆವು: ರೇಷ್ಮೆ ಇಲಾಖೆಯವರು ರೈತರಿಗೆ ಹೇಳುವಷ್ಟು ಸರಿ, ಅದಕ್ಕಿಂತ ಒಂದು ಬೊಗಸೆ ಹೆಚ್ಚಿಲ್ಲ. ಒಳಗೆ ಹೋಗುವಾಗ ಒಂದು ಸಲ, ರೋಗದ ಹುಳು ತೆಗೆದ ಮೇಲೆ ಒಂದು ಸಲ. ಎಣಿಸುವುದಿಲ್ಲ, ಅನುಮಾನ ಬಂದರೆ ಮರುತೊಳೆತವಿಲ್ಲ. ನಿಮ್ಮ ಕಸುಬು ಅಡುಗೆಯದೋ ದಾದಿಯದೋ ಆಗಿದ್ದರೆ ನೀವೂ ಹೀಗೆ ಹೊರಗಿನ ಒಂದು ಅಳತೆಯನ್ನು ಹಿಡಿಯಿರಿ. ನಿಮ್ಮ ಮನಸ್ಸು ಸಾಕೆನ್ನುವವರೆಗೆ ಎಂಬ ಅಳತೆ ಬೇಡ. ಅದು ಸಾಕೆನ್ನುವುದಿಲ್ಲ.

ಮಾರುಕಟ್ಟೆಯ ಚೀಲದ ದಿನವನ್ನು ಬಿಡಿಸಿ ಹೇಳುತ್ತೇನೆ. ಶಿಡ್ಲಘಟ್ಟದ ಗೂಡು ಮಾರುಕಟ್ಟೆಯಿಂದ ಗಂಡ ಚೀಲ ತಂದು ಜಗಲಿಯ ಮೇಲೆ ಹಾಕಿದರು. ಎಷ್ಟು ಮನೆಗಳ ಗೂಡು, ಎಷ್ಟು ಜನರ ಕೈ, ಯಾವ ಯಾವ ಹುಳುಮನೆಯ ಧೂಳು ಅದರಲ್ಲಿ! ಎರಡೂ ಅಂಗೈ ಅದರ ಮೇಲೆ ಊರಿದೆ. ಆಮೇಲೆ ಅದೇ ಕೈಯನ್ನು ಸೀರೆಗೆ, ತಲೆದಿಂಬಿಗೆ, ಮಗನ ಪುಸ್ತಕದ ಚೀಲಕ್ಕೆ ಸವರಿದೆ. ಹೀಗೆ 'ಹರಡುವುದು' ಮುಖ್ಯ, ಇಲ್ಲದಿದ್ದರೆ ಮನಸ್ಸು ಆ ಎರಡು ಅಂಗೈಯನ್ನು ಮಾತ್ರ ಮೈಲಿಗೆಯಾಗಿಟ್ಟುಕೊಂಡು ಉಳಿದ ಮೈಯನ್ನು ಕಾಯುತ್ತದೆ. ಕೂತೆ. ಗಡಿಯಾರದ ಎದುರು ನೋಟ್‌ಬುಕ್ಕು. ಮೊದಲ ಐದು ನಿಮಿಷ 80, ಹತ್ತಕ್ಕೆ 90. ಬೆನ್ನಿನಲ್ಲಿ ಬೆವರು, ಬೆರಳ ತುದಿಗಳಲ್ಲಿ ಇರುವೆ ಹರಿದಂತೆ. ಇಪ್ಪತ್ತೈದಕ್ಕೂ 85. ಇದು ನನಗೆ ಆಗದ ಕೆಲಸ ಎಂದು ಎದ್ದು ನಿಂತೆ, ನಲ್ಲಿಯವರೆಗೆ ಹೋದೆ, ಮುಟ್ಟದೆ ವಾಪಸು ಬಂದೆ. ಮೂವತ್ತೈದಕ್ಕೆ 70. ಐವತ್ತೈದನೇ ನಿಮಿಷಕ್ಕೆ 35. ಏನೂ ಮಾಡದೆ, ಯಾರೂ ಸಮಾಧಾನ ಹೇಳದೆ, ತಾನಾಗಿಯೇ ಇಳಿದಿತ್ತು.

ಅಂದು ನನಗೆ ಜ್ವರಕ್ಕೆ ಕೂತ ಹುಳು ನೆನಪಾಯಿತು. ಪೊರೆ ಬಿಡುವ ಮುಂಚೆ ಹುಳು ತಲೆ ಎತ್ತಿಕೊಂಡು ಒಂದು ದಿನದಷ್ಟು ಅಲ್ಲಾಡದೆ ಇರುತ್ತದೆ. ಆಗ ಸೊಪ್ಪು ಹಾಕಬಾರದು, ಕೆದಕಬಾರದು. ಹೊಸದಾಗಿ ಹುಳು ಸಾಕುವವರ ಕೈ ಸುಮ್ಮನಿರುವುದಿಲ್ಲ, ಸತ್ತೇಹೋಯಿತೆಂದು ಗಾಬರಿಯಾಗಿ ಮುಟ್ಟಿ ಮುಟ್ಟಿ ಕೆಡಿಸುತ್ತಾರೆ. ಹಳಬರು ಕಿಟಕಿ ತೆರೆದು ಗಾಳಿಯಾಡಲು ಬಿಟ್ಟು ಹೊರಗೆ ಬರುತ್ತಾರೆ. ಇಷ್ಟು ವರ್ಷ ಹುಳುವಿಗೆ ಮಾಡಿದ ಉಪಕಾರವನ್ನು ನನಗೆ ನಾನೇ ಮಾಡಿಕೊಂಡಿರಲಿಲ್ಲ.

ಪ್ರತಿದಿನ ಅದನ್ನೇ ಮಾಡಬೇಕು, ಬೇಸರ ಬರುವಷ್ಟು. ಐದನೇ ದಿನ ಚೀಲ 80ರಿಂದ 45ಕ್ಕೆ ಬಂತು. ಅಂಕ ಒಂದೊಂದು ದಿನ ಇಳಿಯುವುದೇ ಇಲ್ಲ. ಆಗಲೂ ತೊಳೆಯದೆ ಇದ್ದಿರಾದರೆ ಆ ದಿನ ವ್ಯರ್ಥವಲ್ಲ. ತಳಮಳ ಇದ್ದೂ ಬದುಕಬಹುದು ಎಂಬುದನ್ನು ಮೈ ಕಲಿಯುತ್ತದೆ. ಮೋಸದ ದಾರಿಗಳನ್ನು ಗಮನಿಸಿ: ಕೈ ತೊಳೆಯದೆ ಸೆರಗಿಗೆ ಒರೆಸಿಕೊಳ್ಳುವುದು, ಮನಸ್ಸಿನಲ್ಲಿ 'ಏನಾಗುವುದಿಲ್ಲ, ಏನಾಗುವುದಿಲ್ಲ' ಎಂದು ಜಪಿಸುವುದು, ರಾತ್ರಿ ಸ್ನಾನಕ್ಕೆ ಕಾಯುವುದು. ಇವೆಲ್ಲ ತೊಳೆಯುವುದರ ತಮ್ಮ ತಂಗಿಯರು. ಕೆಟ್ಟ ಯೋಚನೆಯ ಗೀಳಿನವರಿಗೆ ಮೆಟ್ಟಿಲು ಬೇರೆ. ನನಗೆ ಕುಡುಗೋಲನ್ನು ಅಟ್ಟದಿಂದ ಇಳಿಸಿ ಗೂಟಕ್ಕೆ ತೂಗುಹಾಕಿ, ಮಗನ ಪಕ್ಕ ಕೂತು ಸೊಪ್ಪು ಬಿಡಿಸುವ ಪಾಠ ಕೊಟ್ಟಿದ್ದರು. ಈ ಬಗೆಯದನ್ನು ಸ್ವಂತ ಬುದ್ಧಿಯಿಂದ ಶುರುಮಾಡಬೇಡಿ, ಕಲಿಸುವವರ ಕೈಹಿಡಿದೇ ಮಾಡಿ.

ಮನೆಯವರು ಏನು ಮಾಡಬೇಕು

ನನ್ನ ಗಂಡ ಒಳ್ಳೆಯವರು, ಅದೇ ತೊಂದರೆಯಾಗಿತ್ತು. "ಚಿಲಕ ಯಾರೂ ಮುಟ್ಟಿಲ್ಲ ತಾನೇ?" ಎಂದು ದಿನಕ್ಕೆ ಮೂವತ್ತು ಸಲ ಕೇಳುತ್ತಿದ್ದೆ, ಮೂವತ್ತು ಸಲವೂ ಇಲ್ಲ ಎನ್ನುತ್ತಿದ್ದರು. ಹೊಲದಿಂದ ಬಂದವರು ನಾನು ಹೇಳಿದಂತೆ ಅಂಗಳದಲ್ಲೇ ಬಟ್ಟೆ ಬದಲಾಯಿಸುತ್ತಿದ್ದರು. ಇದೆಲ್ಲ ಗೀಳಿಗೆ ಹಾಕುವ ಮೇವು. ತಟ್ಟನೆ ನಿಲ್ಲಿಸಿದರೆ ಮನೆ ರಣರಂಗವಾಗುತ್ತದೆ. ಒಪ್ಪಂದ ಮಾಡಿಕೊಂಡು ಒಂದೊಂದಾಗಿ ನಿಲ್ಲಿಸಬೇಕು. ನಾವು ಒಂದು ಉತ್ತರವನ್ನು ಮೊದಲೇ ಗೊತ್ತುಮಾಡಿಕೊಂಡೆವು. ನಾನು ಕೇಳಿದರೆ ಅವರು "ಇದು ಗೀಳಿನ ಪ್ರಶ್ನೆ, ಉತ್ತರ ಹೇಳುವುದಿಲ್ಲ, ಬಾ ಕಾಫಿ ಕುಡಿಯೋಣ" ಎನ್ನಬೇಕು. ಮೊದಲ ವಾರ ಆ ಕಾಫಿಯ ಲೋಟ ಎಸೆದಿದ್ದೇನೆ. ಅತ್ತೆಗೆ ನಮ್ಮ ಮನೆಯ ತೆಲುಗಿನಲ್ಲಿ ಇದು 'ಪಿಚ್ಚಿ', ಹುಚ್ಚು. ಯಾರೋ ಮಾಡಿಸಿದ್ದಾರೆಂದು ತಾಯಿತ ಕಟ್ಟಿಸಿದರು. ಕಟ್ಟಿಕೊಂಡೆ, ಮಾತ್ರೆಯನ್ನೂ ನುಂಗಿದೆ. ಪೂಜೆ ಹರಕೆಗಳ ಬಗ್ಗೆ ನನಗೆ ತಕರಾರಿಲ್ಲ, ಆಸ್ಪತ್ರೆಯ ಬಸ್ಸು ತಪ್ಪಿಸದಿದ್ದರೆ ಸರಿ.

ಇಷ್ಟಕ್ಕೂ ಬಗ್ಗದಿದ್ದರೆ

ಮೊದಲ ಮಾತ್ರೆ ಹಿಡಿಯದವರು ಬಹಳ ಮಂದಿ ಇರುತ್ತಾರೆ. ಆಗ ಅದೇ ಗುಂಪಿನ ಇನ್ನೊಂದನ್ನು, ಆಮೇಲೆ ಕ್ಲೊಮಿಪ್ರಮಿನ್ ಅನ್ನು ನೋಡುತ್ತಾರೆ, ಅಥವಾ ರಿಸ್ಪೆರಿಡೋನ್, ಅರಿಪಿಪ್ರಜೋಲ್‌ನಂಥದ್ದನ್ನು ಸಣ್ಣ ಪ್ರಮಾಣದಲ್ಲಿ ಜೊತೆಗೆ ಸೇರಿಸುತ್ತಾರೆ. ಈ ಹೆಸರುಗಳನ್ನು ಮೊಬೈಲಿನಲ್ಲಿ ಹುಡುಕಿ, ಇದು ಬೇರೆ ದೊಡ್ಡ ಕಾಯಿಲೆಯ ಮಾತ್ರೆಯಲ್ಲವೇ ಎಂದು ಗಾಬರಿಯಾಗಬೇಡಿ, ಕೇಳಿ ತಿಳಿದುಕೊಳ್ಳಿ. ಆಸ್ಪತ್ರೆಯಲ್ಲಿ ದಾಖಲಾಗಿ ದಿನವೂ ಇ.ಆರ್.ಪಿ. ಮಾಡಿಸಿಕೊಳ್ಳುವುದೂ ಉಂಟು. ತಲೆಯ ಹೊರಗಿನಿಂದ ಕಾಂತದ ಅಲೆ ಕೊಡುವ ಟಿಎಂಎಸ್ ಇದೆ; ಅದರ ಒಂದು ಬಗೆಗೆ 2018ರಲ್ಲಿ ಅಮೆರಿಕದಲ್ಲಿ ಗೀಳಿಗೆಂದೇ ಅನುಮತಿ ಸಿಕ್ಕಿತು. ಮಿದುಳಿನೊಳಗೆ ತಂತಿಯಿಡುವುದು, ಶಸ್ತ್ರಚಿಕಿತ್ಸೆ ಇವೆಲ್ಲ ವರ್ಷಗಟ್ಟಲೆ ಎಲ್ಲ ಮಾಡಿಯೂ ಬಗ್ಗದ ಬೆರಳೆಣಿಕೆಯ ಜನರಿಗೆ. ಮೊದಲ ಭೇಟಿಯಲ್ಲೇ ಯಾರಾದರೂ ದುಬಾರಿ ಯಂತ್ರದ ಮಾತೆತ್ತಿದರೆ ಎದ್ದು ಬನ್ನಿ.

ಮರುಕಳಿಸಿದ್ದು

ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡತೊಡಗಿದಾಗ ನನ್ನ ಗೀಳು ಮತ್ತೆ ತಲೆ ಎತ್ತಿತು. ಈ ನೀರನ್ನು ಮೂರನೇ ಹಂತದವರೆಗೆ ಸಂಸ್ಕರಿಸಿ ಎಂದು ನಮ್ಮ ಭಾಗದ ಜನ ಕೇಳಿದ್ದು ನ್ಯಾಯವಾದ ಬೇಡಿಕೆ, ನಾನೂ ಅದಕ್ಕೆ ಸಹಿ ಹಾಕಿದವಳು. ಆದರೆ ಸಹಿ ಹಾಕಿ ಬಂದವಳು ಬಾವಿಯ ನೀರು ಮುಟ್ಟಿದ ಕೊಡವನ್ನು ಐದು ಸಲ ಉಜ್ಜತೊಡಗಿದ್ದೆ. ಊರಿನ ಉಳಿದವರು ಗೊಣಗಿ ಕೆಲಸಕ್ಕೆ ಹೋಗುತ್ತಿದ್ದರು, ನಾನು ಕೊಡದ ಮುಂದೆಯೇ ಇದ್ದೆ. ಆ ಅಂತರ ಕಣ್ಣಿಗೆ ಬಿದ್ದ ದಿನವೇ ಹಳೆಯ ನೋಟ್‌ಬುಕ್ಕು ತೆಗೆದೆ, ವೈದ್ಯರಿಗೆ ಫೋನ್ ಮಾಡಿದೆ. ಕಳೆದ ಸಲ ಒಂಬತ್ತು ವರ್ಷ ತಗುಲಿದ್ದು ಈ ಸಲ ಆರು ವಾರದಲ್ಲಿ ಹತೋಟಿಗೆ ಬಂತು.

ಈಗ ಯೇಲ್-ಬ್ರೌನ್ ಮಾಪಕದಲ್ಲಿ ನನಗೆ 11. ಮಾತ್ರೆ 100 ಮಿಲಿಗ್ರಾಂಗೆ ಇಳಿದಿದೆ. ಮುದ್ದೆಯನ್ನು ಕೈಯಲ್ಲೇ ಮುರಿದು, ಅವರೆಕಾಳಿನ ಸಾರಿನಲ್ಲಿ ಅದ್ದಿ ನುಂಗುತ್ತೇನೆ. ಕುಡುಗೋಲು ಗೂಟದ ಮೇಲಿದೆ. ಗ್ಯಾಸಿನ ಗುಂಡಿಯನ್ನು ಮಾತ್ರ ಇನ್ನೂ ಎರಡು ಸಲ ತಿರುಗಿಸಿ ನೋಡುತ್ತೇನೆ, ಅದು ಮುಂದಿನ ಮೆಟ್ಟಿಲು. ಪಟ್ಟಿಯ ತುದಿಯದ್ದೂ ಬಾಕಿ ಇದೆ. ಹಾಲುತೊಂಡೆ ಬಂದ ಹುಳುಗಳನ್ನು ಈಗಲೂ ಆಯುವುದು ಗಂಡನೇ, ನಾನು ಹೊಸಿಲಲ್ಲಿ ನಿಂತು ಸುಣ್ಣದ ಬಕೆಟ್ಟು ಹಿಡಿದಿರುತ್ತೇನೆ.